ಎಣ್ಣೆಯಲ್ಲಿ ಬೆಂದ ಮಂತ್ರಿ

ಚೀನದೇಶದ ಪಟ್ಟಣಗಳಲ್ಲಿ ಬೆಳಗಿನ ಹೊತ್ತು ಕೆಲಸಕ್ಕೆ ಹೊರಟವನು ಬೀದಿಬದಿಯ ಬಾಣಲೆಯ ಮುಂದೆ ನಿಂತು ಕೊಳ್ಳುವ ತಿಂಡಿಯೊಂದುಂಟು. ಅದರ ಹೆಸರು ಯೂಟಿಯಾವ್. ಗೋಧಿಹಿಟ್ಟಿನ ಎರಡು ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಕಡ್ಡಿಯಿಂದ ಒತ್ತಿ, ಎಳೆದು ಉದ್ದ ಮಾಡಿ ಕಾದ ಎಣ್ಣೆಗೆ ಬಿಡುತ್ತಾರೆ. ಗರಿಗರಿಯಾಗಿ ಉಬ್ಬಿ ಮೇಲೇಳುವ ಅದನ್ನು ಬಿಸಿ ಸೋಯಾ ಹಾಲಿನಲ್ಲೋ ಗಂಜಿಯಲ್ಲೋ ಅದ್ದಿ ತಿನ್ನುತ್ತಾರೆ.

ಕ್ಯಾಂಟನ್ ಕಡೆಯ ಜನ ಇದನ್ನು ಎಣ್ಣೆಯಲ್ಲಿ ಕರಿದ ಪಿಶಾಚಿ ಎನ್ನುತ್ತಾರೆ. ಆ ಪಿಶಾಚಿ ಒಬ್ಬ ಮಂತ್ರಿಯೆಂದು ಕಥೆ. ಸುಂಗ್ ದೊರೆಗಳ ಕಾಲದಲ್ಲಿ ಉತ್ತರದ ಜುರ್ಚೆನರೊಡನೆ ಹೋರಾಡಿದ ಸೇನಾನಿ ಯುವೆ ಫೇ ಎಂಬವನನ್ನು ಸೆರೆಗೆ ತಳ್ಳಿ 1142ರಲ್ಲಿ ಕೊಲ್ಲಿಸಲಾಯಿತು. ಶತ್ರುವಿನೊಡನೆ ಸಂಧಿ ಬಯಸಿದ ಮಂತ್ರಿ ಚಿನ್ ಹ್ವೇ ಅದರ ಸೂತ್ರಧಾರ. ಅಪರಾಧಕ್ಕೆ ಸಾಕ್ಷ್ಯವೇನೆಂದು ಕೇಳಿದಾಗ, ಇದ್ದರೂ ಇದ್ದೀತು ಎಂಬರ್ಥದ ಉತ್ತರ ಬಂತಂತೆ. ಪುರಾವೆಯಿಲ್ಲದ ಆರೋಪಕ್ಕೆ ಚೀನೀ ಭಾಷೆಯಲ್ಲಿ ಆ ಮಾತೇ ಗಾದೆಯಾಗಿ ಉಳಿದಿದೆ. ಕೋರ್ಟಿನಲ್ಲಿ ನ್ಯಾಯ ಸಿಗದ ಜನ ಮಂತ್ರಿಯನ್ನೂ ಅವನ ಹೆಂಡತಿಯನ್ನೂ ಹಿಟ್ಟಿನಲ್ಲಿ ಮಾಡಿ ಬೆನ್ನಿಗೆ ಬೆನ್ನು ಅಂಟಿಸಿ ಎಣ್ಣೆಗೆ ಹಾಕಿದರೆಂದು ಹೇಳುತ್ತಾರೆ. ಹಾಂಗ್‌ಝೌ ನಗರದ ಯುವೆ ಫೇ ಗುಡಿಯಲ್ಲಿ ಆ ದಂಪತಿಗಳ ಕಬ್ಬಿಣದ ಮೂರ್ತಿಗಳು ಈಗಲೂ ಮಂಡಿಯೂರಿ ಕುಳಿತಿವೆ. ದೊರೆಯ ಒಪ್ಪಿಗೆಯಿಲ್ಲದೆ ಮಂತ್ರಿಯೊಬ್ಬನೇ ಇಷ್ಟು ಮಾಡಿದನೆಂದು ನಾವು ನಂಬುವುದಿಲ್ಲ. ಆದರೆ ಬಾಣಲೆಗೆ ದೊರೆ ಬೀಳಲಿಲ್ಲ!

ಪಡಿತರದ ಕಾಲದಲ್ಲಿ ಶಾಂಘಾಯಿಯಲ್ಲಿ ಒಂದು ಯೂಟಿಯಾವ್ ಕೊಳ್ಳಲು ಕಾಸಿನ ಜೊತೆಗೆ ಅರ್ಧ ಲಿಯಾಂಗಿನ, ಅಂದರೆ 25 ಗ್ರಾಂ ಧಾನ್ಯದ ಚೀಟಿಯನ್ನೂ ಕೊಡಬೇಕಿತ್ತು. ಆ ಚೀಟಿಗಳು ಹೋದವು, ತಿಂಡಿ ಉಳಿಯಿತು. ಈಗಿನ ತಕರಾರು ಬೇರೆ. ಹಿಟ್ಟು ಉಬ್ಬಲೆಂದು ಹಿಂದಿನಿಂದಲೂ ಸೋಡಾದ ಜೊತೆ ಪಟಿಕ ಹಾಕುವ ರೂಢಿ. ಪಟಿಕದಿಂದ ಅಲ್ಯೂಮಿನಿಯಂ ತಿಂಡಿಯಲ್ಲಿ ಉಳಿಯುತ್ತದೆ. ದಿನವೂ ಹೆಚ್ಚಾಗಿ ಹೊಟ್ಟೆಗೆ ಹೋದರೆ ಒಳ್ಳೆಯದಲ್ಲ. 2014ರಲ್ಲಿ ಚೀನ ಸರಕಾರ ಹಲವು ಹಿಟ್ಟಿನ ತಿಂಡಿಗಳಲ್ಲಿ ಇಂಥ ಬೆರಕೆಯನ್ನು ನಿಷೇಧಿಸಿತು. ಕರಿದ ಹಿಟ್ಟಿಗೆ ಮಾತ್ರ ಕಿಲೋಗ್ರಾಂಗೆ 100 ಮಿಲಿಗ್ರಾಂ ಮಿತಿಯೊಳಗೆ ಬಿಟ್ಟಿತು. ಮಿತಿ ಮೀರಿದ ಬೀದಿ ವ್ಯಾಪಾರಿಗಳಲ್ಲಿ ಕೆಲವರು ಜೈಲನ್ನೂ ಕಂಡಿದ್ದಾರೆ.

ಮಿತಿ ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ. ತಿನ್ನುವವನೂ ದುಡಿಯುವವನೇ, ವ್ಯಾಪಾರಿ ಬಡವನೆಂಬ ಕಾರಣಕ್ಕೆ ಕೂಲಿಗಾರನ ಹೊಟ್ಟೆಗೆ ಏನಾದರೂ ಹಾಕಬಹುದೆಂದು ವಾದಿಸಲು ನಾವು ಸಿದ್ಧರಿಲ್ಲ. ಆದರೆ ಚಿಟಿಕೆಯ ಲೆಕ್ಕದಲ್ಲಿ ಹಿಟ್ಟು ಕಲಸುವವನು ಮಿಲಿಗ್ರಾಂ ಅಳೆಯುವುದು ಯಾವ ತಕ್ಕಡಿಯಲ್ಲಿ? ಅಮೆರಿಕದ ಕೆ.ಎಫ್.ಸಿ. ಕಂಪನಿ 2008ರಲ್ಲೇ ಪಟಿಕವಿಲ್ಲದ ಯೂಟಿಯಾವ್ ಎಂದು ಸಾರಿ ಚೀನದ ತನ್ನ ಹೋಟೆಲುಗಳಲ್ಲಿ ಮಾರಲಾರಂಭಿಸಿತು. ಅದಕ್ಕೆ ಪ್ರಯೋಗಶಾಲೆಯುಂಟು. ಬೀದಿಯವನಿಗಿರುವುದು ಇನ್ಸ್‌ಪೆಕ್ಟರ್ ಮಾತ್ರ. ಪಟಿಕವಿಲ್ಲದ ಉಬ್ಬುಪುಡಿ ಸಿಗುತ್ತದೆ. ಅದನ್ನು ಅಗ್ಗದ ದರದಲ್ಲಿ ಅವನ ಕೈಗಿಟ್ಟು, ಅಳತೆ ಕಲಿಸಿ, ಹಿಟ್ಟನ್ನು ಪುಕ್ಕಟೆ ಪರೀಕ್ಷೆ ಮಾಡಿಕೊಟ್ಟ ಮೇಲೂ ಅವನು ತಪ್ಪಿದರೆ ಆಗ ದಂಡ ಹಾಕಲಿ. ಮೊದಲು ಜೈಲು, ಆಮೇಲೆ ಪಾಠ ಎಂಬ ಕ್ರಮವನ್ನು ನಾವು ಒಪ್ಪುವುದಿಲ್ಲ.