ಹಳೆ ಸಿಲಿಂಡರ್ ಅಗ್ಗ ಸರಿ, ತುಂಬೋರ್ಯಾರು?

ಕಣೇಕಲ್ಲು: ಕುಂಟೆ, ಟ್ರೇಲರ್ ವೆಲ್ಡಿಂಗಿಗೆ ಪ್ರತಿಸಲ ರಾಯದುರ್ಗಕ್ಕೆ ಯಾಕೆ ಓಡಬೇಕು ಅಂತ ಬಳ್ಳಾರಿ ಕಡೆ ಗುಜರಿಯಲ್ಲಿ ನಾನೂ ಒಂದು ಆಕ್ಸಿಜನ್ ಸಿಲಿಂಡರ್ ಕೊಂಡೆ. ಕಾಗದವಿರಲಿಲ್ಲ, ಗ್ಯಾಸ್ ತುಂಬೋರು ವಾಪಸ್ ಕಳಿಸಿದರು.

ತಪ್ಪು ಅವರದಲ್ಲ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಕೇಂದ್ರದವು. ಗಡಿ ದಾಟಿದರೂ ಬದಲಾಗವು. ಪರೀಕ್ಷೆಯ ಅವಧಿ ಮೀರಿದ ಸಿಲಿಂಡರ್ ತುಂಬುವಂತಿಲ್ಲ. ಒಳಗಿನ ಒತ್ತಡ ಗಾಳಿಯ ಒತ್ತಡದ ಸುಮಾರು 150 ಪಟ್ಟು. ಒಳಗೆ ತುಕ್ಕು ಹಿಡಿದಿದ್ದರೆ ಹೊರಗಿನ ಹೊಸ ಬಣ್ಣ ಕಾಪಾಡೀತೆ? ಬಾಡಿಗೆ ಸಿಲಿಂಡರೇ ಕೈ ಬದಲಿಸಿ ಗುಜರಿ ಸೇರಿದ್ದರಂತೂ ಮಾಲು ಇನ್ನೊಬ್ಬರದು, ಕಳೆದ ದುಡ್ಡು ಮಾತ್ರ ನಮ್ಮದು.

ಕೊಳ್ಳಲೇಬೇಕೆಂದರೆ ಕತ್ತಿನ ಹತ್ತಿರ ಒತ್ತಿದ ಪರೀಕ್ಷೆಯ ತಾರೀಕು ನೋಡಿ. ಇಲ್ಲವೇ ನಾಲ್ಕು ಮಂದಿ ರೈತರು ಕೂಡಿ ಬಾಡಿಗೆಗೆ ತನ್ನಿ. ಬಿಲ್ಲು ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಬಿಲ್ಲಂತೂ ಇರಲಿ.