ಅನುಭವ ಕೇಳಬೇಡಿ, ಆಡಲು ಬಿಡಿ

2024ರ ಏಪ್ರಿಲ್ 11ರ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದವರೆಗೆ ನಾನೂ ನನ್ನ ಶಿವಾಜಿನಗರದ ಗೆಳೆಯನೂ ಮಾತಿಲ್ಲದೆ ನಡೆದೆವು. ಮೋಹನ್ ಬಾಗನ್ 4, ಬೆಂಗಳೂರು ಎಫ್‌ಸಿ 0. ನಿಲ್ದಾಣದ ಮೆಟ್ಟಿಲ ಹತ್ತಿರ ಅವನು ನಿಂತು, ‘ಮಗಾ, ಮುಂದಿನ ಸಲ ಸೀಸನ್ ಟಿಕೆಟ್ ತಗೊಳ್ಳೋವಾಗ ನನ್ನ ಹೆಸರು ಬಿಟ್ಬಿಡು’ ಅಂದ. ಇಬ್ಬರದ್ದೂ ನಾನೇ ಬುಕ್ ಮಾಡುವುದು. ಅವನು ಆಮೇಲೆ ದುಡ್ಡು ಕೊಡುವುದು, ಅದೂ ಕಂತಿನಲ್ಲಿ.

ಅವನ ಮೇಲೆ ಸಿಟ್ಟು ಬರಲಿಲ್ಲ. 22 ಪಂದ್ಯ, 22 ಅಂಕ. ಆಗ 12 ತಂಡಗಳಿದ್ದ ಐಎಸ್‌ಎಲ್‌ನಲ್ಲಿ 10ನೇ ಸ್ಥಾನ. ಡಿಸೆಂಬರ್ 8ರಂದು ಮುಂಬೈ ಸಿಟಿ ಇದೇ ಮೈದಾನದಲ್ಲಿ ನಮಗೆ ನಾಲ್ಕು ಗೋಲು ಹೊಡೆದಿತ್ತು, ಏಪ್ರಿಲ್‌ನಲ್ಲಿ ಮೋಹನ್ ಬಾಗನ್ ಮತ್ತೆ ನಾಲ್ಕು. 2023ರ ಅಕ್ಟೋಬರ್‌ನಲ್ಲಿ ನಮ್ಮ ಕೆ.ಆರ್. ಪುರದಿಂದ ನಗರದ ಕಡೆಗೆ ಮೆಟ್ರೊ ಶುರುವಾದಾಗ ನಾನು ಕುಣಿದಾಡಿದ್ದೆ. ಇನ್ನು ಪಂದ್ಯ ಮುಗಿಸಿ ಟಿನ್ ಫ್ಯಾಕ್ಟರಿ ಟ್ರಾಫಿಕ್‌ನಲ್ಲಿ ಬಸ್ಸಿಗೆ ಜೋತು ಬೀಳಬೇಕಿಲ್ಲ ಅಂತ. ಅಪ್ಪ ಈಗ ಅದನ್ನೇ ಹೇಳಿ ಕಾಡುತ್ತಾರೆ: ‘ಮೆಟ್ರೊ ಬಂತು, ಟೀಮ್ ಹೋಯ್ತು.’

ಫುಟ್‌ಬಾಲ್ ನೋಡದವರಿಗೆ ಇದು ಎಷ್ಟು ಎತ್ತರದಿಂದ ಬಿದ್ದ ತಂಡ ಎಂದು ಹೇಳಲೇಬೇಕು. 2013ರಲ್ಲಿ ಹುಟ್ಟಿದ ಕ್ಲಬ್ ಇದು. ಮೊದಲ ಸೀಸನ್‌ನಲ್ಲೇ ಅಶೋಕನಗರದ ಹಳೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ ಐ-ಲೀಗ್ ಗೆದ್ದಿತು. ಅಲ್ಲಿಂದ 2019ರವರೆಗೆ ವರ್ಷಕ್ಕೊಂದು ಕಪ್: ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್, ಒಂದು ಐಎಸ್‌ಎಲ್. ನಡುವೆ 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಕೂಡ ನಮ್ಮದೇ. ಆರ್‌ಸಿಬಿ ನಂಬಿ ವರ್ಷ ವರ್ಷ ಬೇಯುತ್ತಿದ್ದ ಊರಿನಲ್ಲಿ, ಗೆಲ್ಲುವ ತಂಡವೊಂದು ಪಕ್ಕದಲ್ಲೇ ಇದೆ ಅನ್ನುವುದು ನಮ್ಮ ಒಳಗಿನ ಜಂಬವಾಗಿತ್ತು. ಕಾಲೇಜಿನಲ್ಲಿ ಕ್ರಿಕೆಟ್ ಹುಡುಗರನ್ನು ಎಷ್ಟು ಅಣಕಿಸಿದ್ದೆವೋ, ಈಗ ಅಷ್ಟನ್ನೂ ಅವರು ಬಡ್ಡಿ ಸಮೇತ ವಾಪಸ್ ಕೊಡುತ್ತಿದ್ದಾರೆ.

ಈಗ ವರ್ಗಾವಣೆಯ ಕಾಲ. ಮೊಬೈಲ್ ತೆರೆದರೆ ಸಾಕು, ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂಬ ಗಾಳಿಮಾತು. ‘ತಂಡವನ್ನು ಹೊಸದಾಗಿ ಕಟ್ಟಬೇಕು’ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕಟ್ಟುವುದು ಎಂದರೆ ಕೊಳ್ಳುವುದು ಎಂದಷ್ಟೇ ನಾವು ಅರ್ಥ ಮಾಡಿಕೊಂಡಂತಿದೆ. ಒಬ್ಬ ವಿದೇಶಿ ಸ್ಟ್ರೈಕರ್ ಬರಲಿ, ಒಬ್ಬ ಹೆಸರಾಂತ ಡಿಫೆಂಡರ್ ಬರಲಿ, ಆಗದಿದ್ದರೆ ಕೋಚ್ ಹೋಗಲಿ. ಈ ಕೂಗಿನಲ್ಲಿ ನನ್ನ ದನಿಯೂ ಇತ್ತು, ಸುಳ್ಳು ಹೇಳುವುದಿಲ್ಲ. ಡಿಸೆಂಬರ್ 8ರ ರಾತ್ರಿ ಕೋಚ್ ಸೈಮನ್ ಗ್ರೇಸನ್ ಮನೆಗೆ ಹೋಗಬೇಕು ಅಂತ ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಮರುದಿನ ಕ್ಲಬ್ ಅವರನ್ನು ಕಳಿಸಿಯೇಬಿಟ್ಟಿತು. ನಾನು ಪಟಾಕಿ ಚಿತ್ರ ಹಾಕಿ ಸ್ಟೇಟಸ್ ಇಟ್ಟೆ. ಒಂಬತ್ತು ತಿಂಗಳ ಹಿಂದಷ್ಟೇ ಅದೇ ಮನುಷ್ಯ ಸತತ ಎಂಟು ಪಂದ್ಯ ಗೆಲ್ಲಿಸಿ ನಮ್ಮನ್ನು ಐಎಸ್‌ಎಲ್ ಫೈನಲ್‌ಗೆ ಒಯ್ದಿದ್ದರು, ಪೆನಾಲ್ಟಿಯಲ್ಲಿ ಸೋತಿದ್ದೆವು. ಅದಕ್ಕೂ ಮೊದಲು ಡುರಾಂಡ್ ಕಪ್ ತಂದುಕೊಟ್ಟಿದ್ದರು. ಸ್ಟೇಟಸ್ ಹಾಕುವಾಗ ಅದು ನೆನಪಿಗೆ ಬರಲಿಲ್ಲ.

ನೆನಪು ಬಂದದ್ದು ಜನವರಿ 28ಕ್ಕೆ. ಆ ದಿನ ಈಸ್ಟ್ ಬೆಂಗಾಲ್ 12 ವರ್ಷಗಳ ಬರ ಮುಗಿಸಿ ಸೂಪರ್ ಕಪ್ ಎತ್ತಿತು. ಅವರ ಕೋಚ್ ಯಾರು? ಕಾರ್ಲೆಸ್ ಕ್ವದ್ರಾತ್. 2019ರಲ್ಲಿ ನಮಗೆ ಐಎಸ್‌ಎಲ್ ಗೆದ್ದುಕೊಟ್ಟವರು, 2021ರ ಜನವರಿಯಲ್ಲಿ ಕೆಲವು ಸೋಲು ಬಂದ ಕೂಡಲೇ ನಾವು ಬೀಳ್ಕೊಟ್ಟವರು. ಕುಳಿತು ಲೆಕ್ಕ ಹಾಕಿದೆ. ಮೊದಲ ಏಳೂವರೆ ವರ್ಷಗಳಲ್ಲಿ ಈ ಕ್ಲಬ್‌ಗೆ ಇದ್ದದ್ದು ಮೂವರೇ ಕೋಚ್: ವೆಸ್ಟ್‌ವುಡ್, ರೋಕಾ, ಕ್ವದ್ರಾತ್. ಆರು ಕಪ್ ಬಂದದ್ದು ಆಗ. ನಂತರದ ಮೂರೇ ವರ್ಷಗಳಲ್ಲಿ ಮೂಸಾ, ಪೆಜೈಯೋಲಿ, ಗ್ರೇಸನ್, ರೆನೆಡಿ, ಜರಗೋಜಾ ಹೀಗೆ ಐವರು. ಇವರಲ್ಲಿ ಇಬ್ಬರು ಹಂಗಾಮಿ. ಒಬ್ಬ ಮೇಷ್ಟ್ರು ಅರ್ಧ ಪಾಠ ಮಾಡಿ ಹೋಗುತ್ತಾರೆ, ಇನ್ನೊಬ್ಬರು ಬಂದು ಮೊದಲ ಪುಟದಿಂದ ಶುರು ಮಾಡುತ್ತಾರೆ. ಯಾವ ಹುಡುಗ ಪಾಸಾಗುತ್ತಾನೆ ಹೇಳಿ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಎಂಬ ತಂಡವಿದೆ. ಅಲ್ಲಿ ಒಂದು ಸೀಸನ್‌ಗೆ 162 ಪಂದ್ಯ. 2011ರಿಂದ 2013ರವರೆಗೆ ಈ ತಂಡ ಪ್ರತಿ ವರ್ಷ ನೂರಕ್ಕೂ ಹೆಚ್ಚು ಪಂದ್ಯ ಸೋತಿತು. ದುಬಾರಿ ಆಟಗಾರರನ್ನು ಬಿಟ್ಟುಕೊಟ್ಟು ಎಳೆಯರನ್ನು ಬೆಳೆಸಿತು. 2017ರಲ್ಲಿ ಚಾಂಪಿಯನ್ ಆಯಿತು. (ಆ ವರ್ಷ ಎದುರಾಳಿಯ ಕೈಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು ನೋಡಿದ್ದು ಆಮೇಲೆ ಬಯಲಾಯಿತು, ಅದು ಬೇರೆ ಕಥೆ.) ಆದರೆ ಅಲ್ಲಿ ಆಗ ಸೋತವರಿಗೆ ಒಂದು ಲಾಭವಿತ್ತು: ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಕೊನೆಯ ತಂಡಕ್ಕೆ ಮೊದಲ ಸರದಿ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಸೋತವರಿಗೆ ಭಯವಿದೆ: ಕೊನೆಗೆ ಬಂದರೆ ಕೆಳಗಿನ ದರ್ಜೆಗೆ ಇಳಿಯಬೇಕು. ನಮ್ಮ ಐಎಸ್‌ಎಲ್‌ನಲ್ಲಿ 2023-24ರಲ್ಲಿ ಆ ಲಾಭವೂ ಇರಲಿಲ್ಲ, ಈ ಭಯವೂ ಇರಲಿಲ್ಲ. 10ನೇ ಸ್ಥಾನ ಬಂದರೂ ಅಷ್ಟೇ, ಏಳನೆಯದು ಬಂದರೂ ಅಷ್ಟೇ ಆಗಿತ್ತು. ಮೊದಲ ಆರರೊಳಗೆ ಬರುವುದಿಲ್ಲ ಎಂದು ಖಚಿತವಾದ ಮೇಲೆ ಉಳಿದ ಪಂದ್ಯಗಳಲ್ಲಿ ಸೋಲಲು ನಮ್ಮ ಬಳಿ ಏನೂ ಇರಲಿಲ್ಲ. ಅಂಥ ಪಂದ್ಯಗಳನ್ನು ಪೂರ್ತಿ ಹುಡುಗರ ಕೈಗೇ ಕೊಡಬಾರದೇಕೆ? ನಾಲ್ಕು ಗೋಲು ತಿನ್ನುವುದೇ ಆದರೆ ಹತ್ತೊಂಬತ್ತರ ಹುಡುಗರು ತಿನ್ನಲಿ. ಮುಂದಿನ ವರ್ಷ ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಹುಡುಗರು ಎಲ್ಲಿದ್ದಾರೆ ಅಂತ ಕೇಳಿದರೆ ನನಗೆ ನಗು ಬರುತ್ತದೆ. ಕಂಠೀರವದಿಂದ ಐದಾರು ಕಿಲೋಮೀಟರ್ ದೂರ, ಹಲಸೂರಿನ ಪಕ್ಕದಲ್ಲೇ ಗೌತಮಪುರವಿದೆ. ಹಿರಿಯರ ಬಾಯಲ್ಲಿ ಅದು ಇನ್ನೂ ಗನ್ ಟ್ರೂಪ್ಸ್. ಅಲ್ಲಿ ಪೆಲೆಯ ಪ್ರತಿಮೆ ಇದೆ, ಗೋಡೆಗಳ ಮೇಲೆ ಬ್ರೆಜಿಲ್ಲಿನ ಹಳದಿ ಇದೆ. ಆಸ್ಟಿನ್ ಟೌನ್, ಮರ್ಫಿ ಟೌನ್ ಹೀಗೆ ಕಂಟೋನ್ಮೆಂಟಿನ ಓಣಿ ಓಣಿಗೂ ಒಂದು ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್, 1956ರಲ್ಲಿ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದ ಕೆಂಪಯ್ಯ, ಭಾರತದ ನಾಯಕನಾದ ಆಸ್ಟಿನ್ ಟೌನ್‌ನ ಕಾರ್ಲ್ಟನ್ ಚಾಪ್ಮನ್ ಎಲ್ಲರೂ ಈ ಊರಿನವರೇ. ಇವರಲ್ಲಿ ಅಹ್ಮದ್ ಖಾನ್, ಚಾಪ್ಮನ್ ಹೆಸರು ಮಾಡಿದ್ದು ಕೋಲ್ಕತ್ತದಲ್ಲಿ. ಬೆಳೆ ನಮ್ಮದು, ಸಂತೆ ಅವರದು. ಆಗ ನಮ್ಮಲ್ಲಿ ದೊಡ್ಡ ಕ್ಲಬ್ ಇರಲಿಲ್ಲ ಎಂಬ ನೆಪವಾದರೂ ಇತ್ತು.

ಇದು ಬರೀ ಹಳೆಯ ವೈಭವವೂ ಅಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದೆ ಗೆದ್ದದ್ದು 1968-69ರಲ್ಲಿ, ಮೈಸೂರು ರಾಜ್ಯ ಎಂಬ ಹೆಸರಿನಲ್ಲಿ. ಐವತ್ತನಾಲ್ಕು ವರ್ಷಗಳ ಸೋಲನ್ನು ಮುಗಿಸಿದ್ದು ಕೋಟಿ ಬೆಲೆಯ ಆಟಗಾರರಲ್ಲ. ಇಲ್ಲಿನ ಲೀಗ್‌ಗಳಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ಆಡುವ ಹುಡುಗರು, ಅವರನ್ನು ಕಟ್ಟಿದ ನಮ್ಮವರೇ ಆದ ಕೋಚ್ ರವಿಬಾಬು ರಾಜು.

ನಾನು ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಮೇ ತಿಂಗಳಲ್ಲಿ ಇಂದಿರಾನಗರದ ಒಂದು ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ಜಾಹೀರಾತಿನಲ್ಲಿ ‘ಫ್ರೆಶರ್‌ಗಳೂ ಅರ್ಜಿ ಹಾಕಬಹುದು’ ಎಂದಿತ್ತು. ಒಳಗೆ ಕೂತವರು ನನ್ನ ಫೈಲ್ ಎರಡು ಸಲ ತಿರುವಿ, ‘ಎಲ್ಲಾ ಸರಿ ಇದೆ, ಎರಡು ವರ್ಷ ಅನುಭವ ಇದ್ದಿದ್ರೆ ಚೆನ್ನಾಗಿತ್ತು’ ಅಂದರು. ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನ ಇದೇ ವಾಕ್ಯವನ್ನು ಕೇಳಿರುತ್ತೀರಿ. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ. ಹೊರಗೆ ಬಂದು ನೂರಡಿ ರಸ್ತೆಯಲ್ಲಿ ನಡೆಯುವಾಗ ನನಗೆ ಬೆಂಚಿನ ಮೇಲೆ ಕೂತ ಹುಡುಗರು ನೆನಪಾದರು. ತೊಂಬತ್ತು ನಿಮಿಷ ವಾರ್ಮ್ ಅಪ್ ಮಾಡಿ ಮತ್ತೆ ಜಾಕೆಟ್ ಹಾಕಿಕೊಂಡು ಬಸ್ ಹತ್ತುವವರು. ‘ಇವನಿಗೆ ಅನುಭವ ಸಾಲದು, ಯಾರಾದ್ರೂ ದೊಡ್ಡವರನ್ನ ತನ್ನಿ’ ಅಂತ ಗ್ಯಾಲರಿಯಲ್ಲಿ ಕೂತು ಅವರ ಬಗ್ಗೆ ತೀರ್ಪು ಕೊಟ್ಟವನು ನಾನೇ.

ನಮ್ಮ ಕಡೆ, ದೂರವಾಣಿನಗರದ ಐಟಿಐ ಕಾಲೊನಿಯಲ್ಲಿ, ಒಬ್ಬ ಹಿರಿಯರಿದ್ದಾರೆ. ನಾವೆಲ್ಲ ಫುಟ್‌ಬಾಲ್ ಅಂಕಲ್ ಅಂತ ಕರೆಯುತ್ತೇವೆ. ಒಂದು ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಎಚ್‌ಎಎಲ್ ತಂಡ ಐ-ಲೀಗ್‌ವರೆಗೂ ಹೋಗಿತ್ತು. ಅಂಕಲ್ ಹತ್ತೊಂಬತ್ತನೇ ವಯಸ್ಸಿಗೆ ಕಾರ್ಖಾನೆ ಸೇರಿದ್ದು ತಮ್ಮ ಎಡಗಾಲಿನ ದಯೆಯಿಂದಲಂತೆ. ಸಂದರ್ಶನದ ಕಥೆ ಹೇಳಿದಾಗ ಅವರು, ‘ನಂಗೆ ಸ್ಕ್ರೂ ತಿರುಗಿಸೋಕೂ ಬರ್ತಿರ್ಲಿಲ್ಲ ಕಣೋ. ಕಾರ್ಖಾನೇಲಿ ಕೆಲಸ ಕಲಿಸಿದ್ರು, ಮೈದಾನದಲ್ಲಿ ಆಟ ಕಲಿಸಿದ್ರು. ಬರೋವಾಗ್ಲೇ ಎಲ್ಲಾ ಗೊತ್ತಿರ್ಬೇಕು ಅಂತ ಯಾರೂ ಕೇಳ್ಲಿಲ್ಲ’ ಅಂದರು. ಆಮೇಲೆ ಮಾತು ಎಂದಿನಂತೆ ಅವರ ಮಂಡಿನೋವಿನ ಕಡೆ ಹೊರಳಿತು.

ಐಟಿಐ ಕಾಲ ವಾಪಸ್ ಬರುವುದಿಲ್ಲ, ಗೊತ್ತು. ಆದರೆ ಕಲಿಸುವ ಜಾಗ ಒಂದು ಇರಲೇಬೇಕು. ಈಗ ಅದು ಕ್ಲಬ್‌ನ ಕೆಲಸ. ಬೆಂಗಳೂರು ಎಫ್‌ಸಿಗೆ ಅದು ಬರುವುದಿಲ್ಲ ಎಂದೂ ಅಲ್ಲ. 2022ರಲ್ಲಿ ಮೊದಲ ಬಾರಿ ನಡೆದ ಡೆವಲಪ್‌ಮೆಂಟ್ ಲೀಗ್ ಗೆದ್ದದ್ದು ನಮ್ಮ ರಿಸರ್ವ್ ಹುಡುಗರೇ. ಅಲ್ಲಿಂದ ಮೇಲೆ ಬಂದ ಶಿವಶಕ್ತಿ ನಾರಾಯಣನ್ ಅದೇ ವರ್ಷ ಡುರಾಂಡ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದ. ಗ್ರೇಸನ್ ಅವನನ್ನು ನಂಬಿದ್ದರು, ಆ ಎಂಟು ಗೆಲುವುಗಳಲ್ಲಿ ಅವನ ಪಾಲೂ ಇತ್ತು. ದಾರಿ ನಮ್ಮ ಮುಂದೆಯೇ ಇದೆ, ನಾವು ಎರಡು ಹೆಜ್ಜೆ ಇಟ್ಟು ಮತ್ತೆ ಪೇಟೆಗೆ ಹೊರಡುತ್ತೇವೆ.

ಸುನಿಲ್ ಚೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಅಂತರರಾಷ್ಟ್ರೀಯ ವಿದಾಯದ ಪಂದ್ಯ ಆಡಿದ್ದರು. ಆ ಆಗಸ್ಟ್‌ನಲ್ಲಿ ಅವರಿಗೆ 40 ತುಂಬಿತು. ಕ್ಲಬ್‌ಗೆ ಇನ್ನು ಎಷ್ಟು ದಿನ ಆಡುತ್ತಾರೋ, ಆಡುವಷ್ಟು ದಿನ ನಾನು ಕೂಗುತ್ತೇನೆ. ಆದರೆ ಅವರ ಜಾಗಕ್ಕೆ ಇನ್ನೊಬ್ಬ ಚೆಟ್ರಿಯನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು? ನಡುಮೈದಾನ ಬರಿದಾಗಿರುವಾಗ ಮುಂದೊಬ್ಬ ವಿದೇಶಿ ಸ್ಟಾರ್ ತಂದು ನಿಲ್ಲಿಸುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ನನ್ನ ಮಾತು ಇಷ್ಟೇ: ಕೋಚ್‌ಗೆ ಮೂರು ಸೀಸನ್ ಕೊಡಿ. ಪ್ರತಿ ಪಂದ್ಯದಲ್ಲಿ ಕನಿಷ್ಠ ಇಬ್ಬರು ಇಪ್ಪತ್ತೊಂದರೊಳಗಿನ ಹುಡುಗರು ಶುರುವಿನಿಂದಲೇ ಆಡಲಿ, ಎಂಬತ್ತೈದನೇ ನಿಮಿಷಕ್ಕೆ ಇಳಿಸಿ ಅವಕಾಶ ಕೊಟ್ಟೆವು ಅನ್ನಬೇಡಿ. ಅವರಲ್ಲಿ ಒಬ್ಬ ಗೌತಮಪುರದವನೋ ಆಸ್ಟಿನ್ ಟೌನ್‌ನವನೋ ಆಗಿದ್ದರೆ, ಖಾಲಿ ಬಿದ್ದಿರುವ ಗ್ಯಾಲರಿಗೆ ಅವನ ಇಡೀ ಬೀದಿ ಬಂದು ಕೂರುತ್ತದೆ.

ಇದನ್ನೆಲ್ಲ ಹೇಳಿದರೆ ಶಿವಾಜಿನಗರದ ಗೆಳೆಯ ಒಪ್ಪುವುದಿಲ್ಲ. ರಸೆಲ್ ಮಾರ್ಕೆಟ್ ಎದುರು ಚಹಾ ಕುಡಿಯುತ್ತಾ, ‘ಹುಡುಗರನ್ನ ಹಾಕಿ ಇನ್ನೂ ಮೂರು ವರ್ಷ ಸೋತ್ರೆ? ನೀನು ಸುಮ್ನಿರ್ತೀಯಾ? ಮೂರನೇ ಮ್ಯಾಚಿಗೇ ಸ್ಟೇಟಸ್ ಹಾಕ್ತೀಯ’ ಅಂದ. ಅವನ ಮಾತಿನಲ್ಲಿ ನ್ಯಾಯವಿದೆ. ಹ್ಯೂಸ್ಟನ್‌ನವರು ಮೂರು ವರ್ಷ ಹೇಗೆ ಕಾದರೋ, ನನಗೆ ತೊಂಬತ್ತು ನಿಮಿಷ ಕಾಯುವುದೇ ಕಷ್ಟ. ಹುಡುಗನೊಬ್ಬ ತಪ್ಪು ಪಾಸ್ ಕೊಟ್ಟಾಗ ಬಾಯಿ ಮುಚ್ಚಿಕೊಂಡಿರುತ್ತೇನೆ ಅಂತ ಮಾತು ಕೊಟ್ಟೆ. ‘ಬರೆದು ಕೊಡು’ ಅಂದ. ಅದಕ್ಕೇ ಇದನ್ನು ಬರೆದಿದ್ದೇನೆ.

ಅವನ ಹೆಸರನ್ನು ಬಿಟ್ಟಿಲ್ಲ. ಟಿಕೆಟ್ ಮಾರಾಟ ಶುರುವಾದ ಕೂಡಲೇ ಎರಡು ಬುಕ್ ಮಾಡುತ್ತೇನೆ. ಹೋದ ವರ್ಷದ ಕೊನೆಯ ಕಂತು ಇನ್ನೂ ಬಾಕಿ ಇದೆ, ಅವನು ಇದನ್ನು ಓದುತ್ತಾನೆ ಎಂದುಕೊಂಡಿದ್ದೇನೆ.