ಪಡಸಾಲೆಯ ಪಟಗಳು

ಹಿಮವದ್ ಗೋಪಾಲಸ್ವಾಮಿಯ ದರ್ಶನಕ್ಕೆಂದು ಹೊರಟ ನಾವು ಕಳೆದ ತಿಂಗಳು ಬೆಟ್ಟದ ದಾರಿಯ ಹಂಗಳದಲ್ಲಿ, ನಮ್ಮ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಒಂದು ರಾತ್ರಿ ತಂಗಿದ್ದೆವು. ಆತನು ಹೊಸ ಮನೆ ಕಟ್ಟಿಸಿದ್ದಾನೆ. ಪಡಸಾಲೆಯ ಗೋಡೆ ಇನ್ನೂ ಬರಿದಾಗಿತ್ತು. ಕಟ್ಟು ಹಾಕಿಸಿದ ಮೂರು ದೊಡ್ಡ ಪಟಗಳು ಅದಕ್ಕೆ ಒರಗಿ ನಿಂತಿದ್ದುವು. ಮಬ್ಬುಗತ್ತಲಿನಲ್ಲಿ ದೇವರ ಪಟಗಳೆಂದು ಬಗೆದು ನಾವು ಕೈಮುಗಿಯಹೋದೆವು. ಶಿಷ್ಯನು ನಾಚಿ, "ಮೇಷ್ಟ್ರೇ, ಅವು ದೇವರಲ್ಲ, ಮುಷ್ಕರದ ಪಟಗಳು" ಎಂದನು.

ವೃತ್ತಪತ್ರಿಕೆಗಳಲ್ಲಿ ಅಚ್ಚಾದ ಹಳೆಯ ಛಾಯಾಚಿತ್ರಗಳನ್ನು ಹಿಗ್ಗಿಸಿ ಮನೆಯ ಗೋಡೆಗೆ ತೂಗುಹಾಕುವ ರೂಢಿ ಈಗ ಬಂದಿರುವುದಷ್ಟೆ. ಶಿಷ್ಯನ ಮಗಳು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಉದ್ಯೋಗದಲ್ಲಿದ್ದಾಳೆ. ಆ ಅಭಿಮಾನದಿಂದ ಆತನು ವಿಮಾನಯಾನದ ವ್ಯಾಜ್ಯಗಳನ್ನೇ ಆರಿಸಿ ತಂದಿದ್ದನು.

ಮೊದಲನೆಯದು ಅಮೆರಿಕದ್ದು. 1981ರ ಆಗಸ್ಟ್ 3ರಂದು ಅಲ್ಲಿ ಸುಮಾರು 13,000 ಮಂದಿ ವಿಮಾನ ಸಂಚಾರ ನಿಯಂತ್ರಕರು ಹೆಚ್ಚಿನ ಸಂಬಳವನ್ನೂ ವಾರಕ್ಕೆ 32 ಗಂಟೆಗಳ ದುಡಿಮೆಯನ್ನೂ ಬೇಡಿ ಕೆಲಸ ನಿಲ್ಲಿಸಿದರು. ಅಧ್ಯಕ್ಷ ರೇಗನ್ನರು 48 ಗಂಟೆಗಳ ಗಡುವು ವಿಧಿಸಿ, ಹಿಂದಿರುಗದ 11,000ಕ್ಕೂ ಮೇಲ್ಪಟ್ಟ ಜನರನ್ನು ತೆಗೆದುಹಾಕಿದರು. ಅವರು ಮರಳಿ ಆ ಉದ್ಯೋಗಕ್ಕೆ ಸೇರಬಾರದೆಂಬ ನಿಷೇಧವು 1993ರ ವರೆಗೂ ಉಳಿದಿತ್ತು. ಎರಡನೆಯದು ನಮ್ಮದೇ. ಬೆಂಗಳೂರು, ಹೈದರಾಬಾದುಗಳ ಹಳೆಯ ನಿಲ್ದಾಣಗಳನ್ನು ಮುಚ್ಚಕೂಡದೆಂದು 2008ರ ಮಾರ್ಚಿಯಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಹೂಡಿದ ಮುಷ್ಕರ. ಅದಾಗಿ ಎರಡೇ ತಿಂಗಳಿಗೆ, ಮೇ 24ರಂದು, ಬೆಂಗಳೂರಿನ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದುವು. ಮೂರನೆಯದು 2012ರದು. ಬೆಂಗಳೂರಿನ ಕಿಂಗ್‌ಫಿಷರ್ ಸಂಸ್ಥೆಯ ನೌಕರರು, ತಿಂಗಳುಗಟ್ಟಲೆ ಸಂಬಳ ಕಾಣದೆ, ಫಲಕ ಹಿಡಿದು ನಿಂತ ಚಿತ್ರ. ಆ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. 20ರಂದು ಪರವಾನಗಿಯೂ ಅಮಾನತಾಯಿತು. ಆ ವಿಮಾನಗಳು ಮತ್ತೆ ಮೇಲೇಳಲಿಲ್ಲ.

ಊಟಕ್ಕೆ ಕುಳಿತಾಗ ಮನೆಯಾಕೆ ತಮ್ಮ ಅಹವಾಲನ್ನು ನಮ್ಮ ಮುಂದಿಟ್ಟರು: "ಮೇಷ್ಟ್ರೇ, ನೀವೇ ಹೇಳಿ. ಮನೆಗೆ ಬಂದವರಿಗೆ ಮೊದಲು ಕಾಣಬೇಕಾದ್ದು ಇನ್ನೊಬ್ಬರ ಕಷ್ಟವೆ?"

ಪ್ರಶ್ನೆ ಸಾಧಾರಣವಾದುದಲ್ಲ. ನಮ್ಮ ಹಿರಿಯರ ಗೋಡೆಗಳಲ್ಲಿ ರವಿವರ್ಮನ ಮುದ್ರಣಾಲಯದಿಂದ ಬಂದ ಲಕ್ಷ್ಮೀ ಸರಸ್ವತಿಯರೂ, ನಾಲ್ವಡಿ ಕೃಷ್ಣರಾಜ ಒಡೆಯರೂ, ಗಾಂಧೀಜಿಯವರೂ ಇದ್ದರು, ಅಳುವವರು ಇರಲಿಲ್ಲ. ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಗೃಹಸ್ಥನ ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತ ಎಂಬ ಮೂರು ರಸಗಳ ಚಿತ್ರಗಳನ್ನು ಮಾತ್ರ ಒಪ್ಪುತ್ತದೆ. ಎಲ್ಲ ರಸಗಳಿಗೂ ಎಡೆಯಿರುವುದು ದೇವಾಲಯದಲ್ಲಿ ಮತ್ತು ಅರಮನೆಯಲ್ಲಿ. ನಾವು ಇದನ್ನು ವಿವರಿಸಿ, "ಕರುಣರಸ ಪಡಸಾಲೆಗೆ ಬೇಡ" ಎಂದು ತೀರ್ಪು ಹೇಳಿಬಿಟ್ಟೆವು. ಮನೆಯಾಕೆಗೆ ಸಂತೋಷವಾಯಿತು. ಶಿಷ್ಯನು ಸುಮ್ಮನಾದನು.

ರಜೆಯ ಮೇಲೆ ಬಂದಿದ್ದ ಮಗಳು ಸುಮ್ಮನಾಗಲಿಲ್ಲ. "ಮೇಷ್ಟ್ರು ತಾತ, ನನ್ನ ಮೇಲಿನವರಲ್ಲಿ ಒಬ್ಬರು ಹಿಂದೆ ಇಂಥದೇ ಸಾಲಿನಲ್ಲಿ ನಿಂತಿದ್ದವರು. ಯಾವ ಕಂಪನಿಯೆಂದು ನಾನು ಕೇಳಲಿಲ್ಲ. ಮಗುವಿನ ಶಾಲೆಯ ಫೀಜಿಗೆ ಬಳೆಗಳನ್ನು ಅಡವಿಟ್ಟಿದ್ದರಂತೆ. ಪಟದಲ್ಲಿ ಬರಿಗೈ ಕಾಣುತ್ತದೆ. ಬಳೆ ಎಲ್ಲಿ ಹೋಯಿತೆಂದು ಕಾಣುವುದಿಲ್ಲ. ಅಪ್ಪ ಪಟ ಹಾಕಲಿ, ಬಿಡಲಿ. ಹಾಕಿದರೆ ಅದನ್ನೂ ಹೇಳಬೇಕು" ಎಂದಳು.

ನಾವು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆವು. ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವರಿಗೆ ಆ ಹುಡುಗಿ ಒಂದು ಪಾಠ ಹೇಳಿದಳು.

ಬೆಳಗ್ಗೆ ಬೆಟ್ಟದ ಬುಡದಲ್ಲಿ ಸಾರಿಗೆ ಸಂಸ್ಥೆಯ ಬಸ್ಸು ಹತ್ತಿದೆವು; ಸ್ವಂತ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. 1,454 ಮೀಟರು ಎತ್ತರದ ಆ ಶಿಖರದಲ್ಲಿ ಮಂಜು ಒಮ್ಮೆ ಗುಡಿಯನ್ನು ಮರೆಮಾಡುತ್ತಿತ್ತು, ಒಮ್ಮೆ ತೋರಿಸುತ್ತಿತ್ತು. ಅಲ್ಲಿಯ ಶಿಲ್ಪದಲ್ಲಿ ಕೃಷ್ಣನು ಮರದ ನೆರಳಿನಲ್ಲಿ ಕೊಳಲು ಹಿಡಿದಿದ್ದಾನೆ. ಶಿಲ್ಪಿಯು ಅವನೊಬ್ಬನನ್ನೇ ಕೆತ್ತಿ ಕೈಬಿಡಲಿಲ್ಲ. ಸುತ್ತಲೂ ಗೆಳೆಯರಾದ ಗೋಪಾಲಕರಿದ್ದಾರೆ, ಹಸುಗಳಿವೆ, ರುಕ್ಮಿಣೀ ಸತ್ಯಭಾಮೆಯರಿದ್ದಾರೆ. ಕೊಳಲನ್ನು ಕೇಳುವವರಿಲ್ಲದೆ ಕೊಳಲೂದುವವನ ಕಥೆ ಪೂರ್ಣವಾಗದೆಂದು ಆತನು ಬಲ್ಲ. ಛಾಯಾಚಿತ್ರಕ್ಕೆ ಆ ಅವಕಾಶವಿಲ್ಲ. ಕ್ಷಣವೊಂದನ್ನು ಕತ್ತರಿಸಿ ಕೊಡುವುದು ಅದರ ಧರ್ಮ. ಕಟ್ಟಿನ ಹೊರಗೆ ಉಳಿದವರನ್ನು ಕರೆತರುವ ಹೊಣೆ ನೋಡುವವನದು.

ಪಟವೇ ಇಲ್ಲದ ವ್ಯಾಜ್ಯಗಳೂ ಇರಬಹುದು. ಅಮೆರಿಕದ ಆ ಮುಷ್ಕರ ನಡೆದ ತಿಂಗಳಿನಲ್ಲಿಯೇ, 1981ರ ಆಗಸ್ಟ್ 28ರಂದು, ನಮ್ಮ ಸರ್ವೋಚ್ಚ ನ್ಯಾಯಾಲಯವು ಏರ್ ಇಂಡಿಯಾದ ಗಗನಸಖಿಯರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಮೊದಲ ಬಸುರಿಗೇ ಕೆಲಸ ಕಳೆಯುವ ನಿಯಮವನ್ನು ಅದು ರದ್ದುಮಾಡಿತು. ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾಗಬಾರದೆಂಬ ನಿಯಮವನ್ನು ಮಾತ್ರ ಉಳಿಸಿತು. ತಾಯಿಯಾಗುವುದಕ್ಕೂ ದುಡಿಯುವುದಕ್ಕೂ ನಡೆದ ಈ ಹೋರಾಟಕ್ಕೆ ಕಟ್ಟು ಹಾಕಿಸತಕ್ಕ ಚಿತ್ರವನ್ನು ನಾವಂತೂ ಕಂಡಿಲ್ಲ.

ಹಿಂದಿರುಗಿ ಬಂದವರು ಮೊದಲು ನಮ್ಮ ತೀರ್ಪನ್ನು ತಿದ್ದಿಕೊಂಡೆವು. ಚಿತ್ರಸೂತ್ರ ಹೇಳಿದ್ದು ಮನೆಯ ನೆಮ್ಮದಿಗಾಗಿ. ಆ ಮಾತಿನ ಬೆಲೆ ಕುಂದಿಲ್ಲ. ಆದರೆ ದುಡಿಯುವ ಮಗಳಿರುವ ಮನೆಗೆ ದುಡಿಮೆಯ ವ್ಯಾಜ್ಯ ಹೊರಗಿನದಲ್ಲ. ಪಟಗಳು ಪಡಸಾಲೆಯ ಶೋಭೆಗೆ ಬೇಡ, ಓದುವ ಕೋಣೆಯಲ್ಲಿರಲಿ. ಪ್ರತಿಯೊಂದರ ಕೆಳಗೆ ವರ್ಷ, ಊರು, ಅವರು ಬೇಡಿದ್ದೇನು, ಪಡೆದದ್ದೇನು ಎಂಬ ನಾಲ್ಕು ಸಾಲು ಕನ್ನಡದಲ್ಲಿರಲಿ. ಸಂಕಟದ ಕಾರಣವನ್ನು ತಿಳಿಯದೆ ಅದರ ಚಿತ್ರವನ್ನು ತೂಗುಹಾಕಿದರೆ ಅದು ಬರಿಯ ಅಲಂಕಾರವಾಗುವುದು.

ಇಂಥ ಪಟ ಕೊಳ್ಳುವ ವಾಚಕರಿಗೆ ಇನ್ನೆರಡು ಮಾತು. ಅಚ್ಚಾದ ಛಾಯಾಚಿತ್ರಕ್ಕೆ ನಮ್ಮ ಕಾನೂನಿನಲ್ಲಿ, ಅದನ್ನು ತೆಗೆದವರ ಜೀವಿತಕಾಲವೂ ಆ ಬಳಿಕ 60 ವರ್ಷಗಳೂ ಹಕ್ಕುಂಟು. ಹಕ್ಕುಳ್ಳವರಿಂದಲೇ ಪ್ರತಿ ಪಡೆಯಬೇಕು. ನ್ಯಾಯ ಕೇಳಿದವರ ಚಿತ್ರವನ್ನು ಅನ್ಯಾಯವಾಗಿ ತರಬಾರದು. ಬೆಟ್ಟದ ಸೀಮೆಯ ತೇವಕ್ಕೆ ಕಾಗದವು ಗಾಜಿಗೆ ಅಂಟಿಕೊಳ್ಳುವುದುಂಟು. ಗಾಜಿಗೂ ಚಿತ್ರಕ್ಕೂ ನಡುವೆ ಸ್ವಲ್ಪ ಎಡೆಯಿರಲಿ; ನೇರ ಬಿಸಿಲು ಬೀಳದಿರಲಿ.

ನಾವು ಹೊರಡುವ ವೇಳೆಗೆ ಮಗಳು ಮೂರನೆಯ ಪಟದ ಒಕ್ಕಣೆಯನ್ನು ಬರೆದು ಮುಗಿಸಿದ್ದಳು. ತಾಯಿ ಅದನ್ನು ಎರಡು ಸಲ ಓದಿದರು. ಬಳಿಕ ಮೊಳೆ ಹೊಡೆಯಲು ಸುತ್ತಿಗೆ ತಂದುಕೊಟ್ಟವರು ಅವರೇ.